ನರ್ಸಮ್ಮನ ಹೆಸರು



ನಿಮ್ಮ ನರ್ಸಿಂಗ್ ಕಾಲೇಜಿನ ಈ ದತ್ತಿ ಉಪನ್ಯಾಸದ ಆಹ್ವಾನ ಪತ್ರಿಕೆಯಲ್ಲಿ ದತ್ತಿಯ ಹೆಸರು ಇರಬೇಕಾದ ಜಾಗದಲ್ಲಿ ‘ನಮ್ಮೂರ ನರ್ಸಮ್ಮನ ನೆನಪಿಗೆ’ ಎಂದಷ್ಟೇ ಅಚ್ಚಾಗಿದೆ. ಅಚ್ಚಿನವರು ಹೆಸರು ಬಿಟ್ಟುಬಿಟ್ಟಿದ್ದಾರೆ ಅಂತ ನಾನೂ ಮೊದಲು ಅಂದುಕೊಂಡೆ. ವಿಚಾರಿಸಿದಾಗ ಗೊತ್ತಾಯಿತು, ಬಿಟ್ಟಿಲ್ಲ, ಹೆಸರೇ ಸಿಕ್ಕಿಲ್ಲ. ದತ್ತಿಯ ಹಣ ಇಟ್ಟವರು ನಿವೃತ್ತ ಮೇಷ್ಟ್ರು. ಅವರೂ ಅವರ ಇಬ್ಬರು ತಂಗಿಯರೂ ಹುಟ್ಟಿದ್ದು ಒಬ್ಬಳೇ ನರ್ಸಮ್ಮನ ಕೈಯಲ್ಲಿ. ಮೂರನೆಯ ಹೆರಿಗೆಯಲ್ಲಿ ತಾಯಿ ಉಳಿದದ್ದು ಆಕೆ ರಾತ್ರಿಯೆಲ್ಲಾ ಜೊತೆಗಿದ್ದುದರಿಂದ ಎಂದು ಅವರ ಮನೆಯಲ್ಲಿ ಹೇಳುತ್ತಲೇ ಬಂದಿದ್ದಾರೆ. ಆಕೆ ಮೇಷ್ಟ್ರ ಊರಿನಲ್ಲಿ ಹತ್ತು ಹದಿನೈದು ವರ್ಷ ಇದ್ದಳಂತೆ. ಸೀರೆಯ ಬಣ್ಣ, ಕೊಡೆ, ಆಕೆ ಸಾಕಿದ ಬೆಕ್ಕು ಎಲ್ಲ ಊರಿಗೆ ನೆನಪಿದೆ. ಹೆಸರು ಮಾತ್ರ ಇಲ್ಲ.

ಮೇಷ್ಟ್ರು ನನ್ನನ್ನು ಕೇಳಿದ್ದು ಎರಡು ವಿಷಯ. ಒಂದು, ಈ ಉಪನ್ಯಾಸ ಮಾಡಿ ಅಂತ. ಇನ್ನೊಂದು, ನೀವು ಅದೇ ಇಲಾಖೆಯವರು, ಹೆಸರು ಹುಡುಕಿಕೊಡಿ ಅಂತ. ಎರಡನೆಯದು ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ನನಗೆ ಕೊಟ್ಟ ವಿಷಯ ಶುಶ್ರೂಷೆಯಲ್ಲಿ ನಾಯಕತ್ವ, ಸಮುದಾಯ ಆರೋಗ್ಯ, ಬದಲಾವಣೆ. ನಾನು ಎಂ.ಎಸ್ಸಿ. ಓದಿದವಳಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹದಿನೆಂಟು ತಿಂಗಳ ತರಬೇತಿ ಪಡೆದು 1980ರಲ್ಲಿ ತುಮಕೂರು ಜಿಲ್ಲೆಯ ಒಂದು ಆರೋಗ್ಯ ಸಬ್‌ಸೆಂಟರಿಗೆ ಎ.ಎನ್.ಎಂ., ಅಂದರೆ ಊರವರ ಬಾಯಲ್ಲಿ ನರ್ಸಮ್ಮ, ಆಗಿ ಹೋದವಳು. ಹದಿನೆಂಟು ವರ್ಷದ ಮೇಲೆ ಎಲ್.ಎಚ್.ವಿ., ಅಂದರೆ ಲೇಡಿ ಹೆಲ್ತ್ ವಿಸಿಟರ್ ಆದೆ, 2020ರಲ್ಲಿ, ಕೊರೋನಾ ನಡುವೆ, ಹಾರವೂ ಇಲ್ಲದೆ ಭಾಷಣವೂ ಇಲ್ಲದೆ ನಿವೃತ್ತಳಾದೆ. ನಾಯಕತ್ವದ ಬಗ್ಗೆ ನಿಮ್ಮ ಪುಸ್ತಕದಲ್ಲಿರುವ ಸಿದ್ಧಾಂತಗಳನ್ನು ನಿಮ್ಮ ಅಧ್ಯಾಪಕರು ಚೆನ್ನಾಗಿ ಹೇಳುತ್ತಾರೆ. ನಾನು ಹೇಳಬಲ್ಲದ್ದು ಒಂದೇ ವಿಷಯ: ನಲವತ್ತು ವರ್ಷದಲ್ಲಿ ನನ್ನ ಹುದ್ದೆಯ ಹೆಸರು ಎಷ್ಟು ಸಲ ಬದಲಾಯಿತು, ಮತ್ತು ಹೆಸರು ಬದಲಾದಾಗೆಲ್ಲ ನನ್ನ ಕೈಗೆ ತೀರ್ಮಾನದ ಅಧಿಕಾರ ಎಷ್ಟು ಬಂತು.

*

ಲೆಕ್ಕ ಎಲ್ಲಿಂದ ಶುರುವಾಯಿತು ಎಂದು ಮೊದಲು ನೋಡೋಣ. ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ ವರದಿ ಬಂತು. ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಆಗ ಸುಮಾರು 7,000 ನರ್ಸುಗಳು, 5,000 ತರಬೇತಿ ಪಡೆದ ಸೂಲಗಿತ್ತಿಯರು, 750 ಹೆಲ್ತ್ ವಿಸಿಟರುಗಳು. 43,000 ಜನರಿಗೆ ಒಬ್ಬ ನರ್ಸ್. ನಾಲ್ಕು ಲಕ್ಷ ಜನರಿಗೆ ಒಬ್ಬ ಹೆಲ್ತ್ ವಿಸಿಟರ್. ನಾಲ್ಕು ಲಕ್ಷವೆಂದರೆ ಇವತ್ತಿನ ಎರಡು ಮೂರು ತಾಲ್ಲೂಕು. ಒಬ್ಬ ಹೆಂಗಸು, ಒಂದು ಚೀಲ, ಮೂರು ತಾಲ್ಲೂಕು!

ನಮ್ಮ ಮೈಸೂರು ಸಂಸ್ಥಾನ ಆ ಹೊತ್ತಿಗೇ ಸ್ವಲ್ಪ ಮುಂದೆ ಹೆಜ್ಜೆ ಇಟ್ಟಿತ್ತು. 1920ರ ದಶಕದ ಕೊನೆಗೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ, ಮುಂದೆ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಹಳ್ಳಿಗಳಿಗಾಗಿಯೇ ಆರೋಗ್ಯ ಘಟಕಗಳು ಶುರುವಾದವು. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯದೆ ಆಸ್ಪತ್ರೆಯೇ ಮನೆಮನೆಗೆ ಹೋಗುವ ಪ್ರಯೋಗ ಅದು. ಹೋಗುವ ಕಾಲುಗಳು ಯಾರವು? ಮಿಡ್‌ವೈಫುಗಳವು, ಹೆಲ್ತ್ ವಿಸಿಟರುಗಳವು. ಆ ಘಟಕಗಳ ಇತಿಹಾಸದಲ್ಲಿ ವೈದ್ಯರ ಹೆಸರು ಸಿಗುತ್ತವೆ, ಹಣ ಕೊಟ್ಟವರ ಹೆಸರು ಸಿಗುತ್ತವೆ. ನಡೆದವರ ಹೆಸರನ್ನು ನಾನು ಓದಿಲ್ಲ.

1950ರ ದಶಕದ ಆರಂಭದಲ್ಲಿ ಸಹಾಯಕ ದಾದಿ–ಸೂಲಗಿತ್ತಿ ಎಂಬ ಹೊಸ ತರಬೇತಿ ಬಂತು. ಅದೇ ಎ.ಎನ್.ಎಂ. ಆ ಹೆಸರಿನ ಮೊದಲ ಅಕ್ಷರವನ್ನೇ ನೋಡಿ. ಸಹಾಯಕ. ಯಾರಿಗೆ ಸಹಾಯ? ಹತ್ತು ಹನ್ನೆರಡು ಮೈಲಿ ಸುತ್ತ ಆಕೆಯನ್ನು ಬಿಟ್ಟರೆ ಆರೋಗ್ಯ ಇಲಾಖೆಯ ಇನ್ನೊಬ್ಬರು ಇಲ್ಲದ ಕಡೆ ಆಕೆ ಯಾರಿಗೂ ಸಹಾಯಕಿಯಲ್ಲ, ಆಕೆಯೇ ಎಲ್ಲ. ಹಳಬರಲ್ಲಿ ಗಂಡ ತೀರಿಕೊಂಡವರು, ಗಂಡ ಬಿಟ್ಟವರು, ತಮ್ಮಂದಿರ ಓದಿಗೆ ದುಡಿಯಲು ಬಂದವರು ಬಹಳ ಇದ್ದರು. ಬಾಡಿಗೆ ಮನೆ ಕೇಳಿದರೆ ಜಾತಿ ಕೇಳುತ್ತಿದ್ದರು, ರಾತ್ರಿ ಹೆರಿಗೆಗೆ ಹೋಗಿ ಬಂದರೆ ನಡತೆ ಕೇಳುತ್ತಿದ್ದರು. ಈ ಮಾತು ಇಲ್ಲಿಗೆ ಸಾಕು.

*

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕರ್ತಾರ್ ಸಿಂಗ್ ಸಮಿತಿಯ 1973ರ ವರದಿ ಜಾರಿಗೆ ಬಂದಿತ್ತು. ಮಲೇರಿಯಾಕ್ಕೆ ಒಬ್ಬ, ಸಿಡುಬಿಗೆ ಒಬ್ಬ, ಕುಟುಂಬ ಯೋಜನೆಗೆ ಒಬ್ಬ ಅಂತ ಬೇರೆ ಬೇರೆ ಇದ್ದವರನ್ನೆಲ್ಲ ಸೇರಿಸಿ ‘ಬಹೂದ್ದೇಶ ಕಾರ್ಯಕರ್ತ’ರನ್ನಾಗಿ ಮಾಡಿದ್ದರು. ಕಾಗದದ ಮೇಲೆ ನಾನು ಮಹಿಳಾ ಆರೋಗ್ಯ ಕಾರ್ಯಕರ್ತೆ. ಮುಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಬಹು ಉದ್ದೇಶ ಎಂದರೆ ಏನು ಅಂತ ನಮ್ಮ ಹಿರಿಯ ಸಿಸ್ಟರ್ ಒಬ್ಬರು ಮೊದಲ ವಾರವೇ ವಿವರಿಸಿದರು: “ಉದ್ದೇಶ ಅವರದು ಕಣೇ, ಬಹು ನಿನ್ನದು.”

ನನಗೆ ಸಿಕ್ಕಿದ್ದು ಒಂದು ಕೋಣೆ, ಒಂದು ಕಬ್ಬಿಣದ ಪೆಟ್ಟಿಗೆ, ಏಳು ಹಳ್ಳಿ. ಪೆಟ್ಟಿಗೆಯಲ್ಲಿ ಕತ್ತರಿ, ದಾರ, ಗಾಜಿನ ಸಿರಿಂಜು, ಕುದಿಸುವ ಪಾತ್ರೆ, ಐರನ್ ಮಾತ್ರೆ. ಬಿ.ಪಿ. ನೋಡುವ ಯಂತ್ರ ಇರಲಿಲ್ಲ. ಅದು ಪಿ.ಎಚ್.ಸಿ.ಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಒಂದಿತ್ತು, ಡಾಕ್ಟರ ಮೇಜಿನ ಮೇಲೆ.

ಊರಿನಲ್ಲಿ ನನಗಿಂತ ಮೊದಲೇ ಒಬ್ಬಳಿದ್ದಳು. ಸೂಲಗಿತ್ತಿ ಅಜ್ಜಿ. ನಮ್ಮ ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೆ ಮೊದಲು ನೆನಪಾದದ್ದು ಈ ಅಜ್ಜಿ. ನರಸಮ್ಮನವರು ಮಾಡಿಸಿದ ಹೆರಿಗೆಗಳು ಹದಿನೈದು ಸಾವಿರ ದಾಟಿದ್ದವು ಎನ್ನುತ್ತಾರೆ. ನಮ್ಮ ಅಜ್ಜಿಗೆ ಲೆಕ್ಕವೇ ಇರಲಿಲ್ಲ. ಇಪ್ಪತ್ತು ವರ್ಷದ ನಾನು ತರಬೇತಿಯ ಬಿಸಿಯಲ್ಲಿ ಹೋಗಿ, ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕುಯ್ಯಬೇಡ, ಸಗಣಿ ಬೂದಿ ಹಚ್ಚಬೇಡ, ಕೂಸಿಗೆ ಧನುರ್ವಾಯು ಬರುತ್ತೆ ಅಂತ ಜಗುಲಿಯ ಮೇಲೆ ಹತ್ತು ಜನರ ಎದುರು ಪಾಠ ಮಾಡಿದೆ. ಅಜ್ಜಿ ಎಲ್ಲ ಕೇಳಿ, ಎಲೆಯಡಿಕೆ ಉಗಿದು, “ನೀನು ಎಷ್ಟು ಹೆತ್ತಿದ್ದೀಯ ಮಗಾ?” ಅಂದಳು. ಜಗುಲಿ ಪೂರ್ತಿ ನಕ್ಕಿತು. ಆಮೇಲೆ ಮೂರು ತಿಂಗಳು ಒಂದು ಹೆರಿಗೆಗೂ ನನ್ನನ್ನು ಕರೆಯಲಿಲ್ಲ.

ನಾಲ್ಕನೆಯ ತಿಂಗಳು ನಾನೇ ಹೋದೆ. ಪಾಠ ಮಾಡಲಿಲ್ಲ. ನೀರು ಕಾಯಿಸಿದೆ, ಬಟ್ಟೆ ಒಗೆದೆ, ಮೂಲೆಯಲ್ಲಿ ಕೂತೆ. ಅಜ್ಜಿ ಬಸುರಿಯನ್ನು ಮಲಗಿಸಲೇ ಇಲ್ಲ. ತೊಲೆಗೆ ಕಟ್ಟಿದ ಹಗ್ಗ ಹಿಡಿಸಿ ಕುಕ್ಕರಗಾಲಲ್ಲಿ ಕೂರಿಸಿದಳು, ಬೆನ್ನು ನೀವಿದಳು, ಹಾಡಿನಂಥದೇನೋ ಗುನುಗಿದಳು. ನಮ್ಮ ತರಬೇತಿಯಲ್ಲಿ ಅಂಗಾತ ಮಲಗಿಸಿ ಕಾಲು ಅಗಲಿಸುವುದೊಂದೇ ಹೇಳಿಕೊಟ್ಟಿದ್ದರು. ಕೂಸು ಬಂದಾಗ ಅಜ್ಜಿ ಕುಡುಗೋಲಿಗೆ ಕೈ ಹಾಕಲಿಲ್ಲ. ನನ್ನ ಕಡೆ ತಿರುಗಿ, “ತತ್ತಾ ನಿನ್ನ ಬ್ಲೇಡು” ಅಂದಳು. ನನ್ನ ವೃತ್ತಿಯ ಮೊದಲ ಪದೋನ್ನತಿ ಅದೇ ಅಂತ ಈಗಲೂ ನನ್ನ ಭಾವನೆ. ಆರ್ಡರ್ ಕಾಪಿ ಇಲ್ಲ ಅಷ್ಟೆ. ಶುಚಿಯಾದ ಕೈ, ಶುಚಿಯಾದ ಹಾಸು, ಶುಚಿಯಾದ ಬ್ಲೇಡು, ಶುಚಿಯಾದ ದಾರ, ಹೊಕ್ಕುಳಿಗೆ ಏನೂ ಹಚ್ಚದಿರುವುದು, ಈ ಐದನ್ನೂ ನಮ್ಮ ಊರುಗಳಲ್ಲಿ ಹರಡಿದವಳು ನಾನಲ್ಲ, ಆ ಅಜ್ಜಿ. 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯಾಯಿತು ಎಂಬ ಘೋಷಣೆ ಬಂತು. ಟಿ.ಟಿ. ಇಂಜೆಕ್ಷನ್ನಿಗೆ ಅದರ ಕೀರ್ತಿ ಸಲ್ಲಬೇಕು, ನಿಜ. ಬ್ಲೇಡು ಕೇಳಿ ಚಾಚಿದ ಆ ಕೈಗೂ ಸಲ್ಲಬೇಕು.

*

ಇನ್ನೊಂದು ರಾತ್ರಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಎಷ್ಟೋ ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಚೊಚ್ಚಲ ಬಸುರಿ, ಹತ್ತೊಂಬತ್ತು ವರ್ಷ. ಎಂಟನೆಯ ತಿಂಗಳಲ್ಲಿ ಕಾಲು, ಮುಖ ಊದಿಕೊಂಡಿದ್ದವು. ನೀರಿಳಿದಿದೆ, ಹೆಣ್ಣು ಕೂಸು ಇರಬೇಕು ಅಂದರು ಮನೆಯವರು. ಬಿ.ಪಿ. ನೋಡಲು ನನ್ನಲ್ಲಿ ಯಂತ್ರವಿಲ್ಲ, ಪಿ.ಎಚ್.ಸಿ.ಗೆ ಹೋಗಿ ಅಂತ ಎರಡು ಸಲ ಹೇಳಿದೆ. ಬಿತ್ತನೆಯ ಕಾಲ, ಹೋಗಲಿಲ್ಲ. ಒಂದು ರಾತ್ರಿ ಬಂದು ಬಾಗಿಲು ಬಡಿದರು. ದೆವ್ವ ಮೆಟ್ಟಿಕೊಂಡಿದೆ, ಹಲ್ಲು ಕಚ್ಚುತ್ತಾಳೆ, ಕಣ್ಣು ಮೇಲೆ ಹೋಗಿದೆ ಎಂದರು. ಗರ್ಭನಂಜು. ಓದಿದ್ದೆ, ನೋಡಿರಲಿಲ್ಲ. ಬಾಯಿಗೆ ಬಟ್ಟೆ ಸುತ್ತಿದ ಚಮಚ, ಮಗ್ಗುಲಿಗೆ ಮಲಗಿಸುವುದು, ನನ್ನ ಪೆಟ್ಟಿಗೆಯಲ್ಲಿ ಅಷ್ಟೇ ಇತ್ತು. ಎತ್ತಿನಗಾಡಿಯಲ್ಲಿ ರಸ್ತೆಯವರೆಗೆ, ಅಲ್ಲಿಂದ ಕಾಯಿ ತುಂಬಿದ ಲಾರಿಯಲ್ಲಿ. ಆಸ್ಪತ್ರೆ ಮುಟ್ಟುವ ಮೊದಲು ನನ್ನ ತೊಡೆಯ ಮೇಲೇ ಹೋದಳು.

ವಾರದ ಮೇಲೆ ಮೀಟಿಂಗಿನಲ್ಲಿ ನನಗೆ ಕೇಳಿದ ಪ್ರಶ್ನೆ, “ಯಾಕೆ ಬೇಗ ರೆಫರ್ ಮಾಡಲಿಲ್ಲ?” ರಿಜಿಸ್ಟರಿನಲ್ಲಿ ಎರಡು ಸಲ ಬರೆದಿದ್ದೆ. ತೋರಿಸಿದೆ. ‘ಹಾಗಾದರೆ ಸರಿ’ ಎಂದು ಮುಂದಿನ ಹೆಸರು ಕರೆದರು. ನನ್ನ ಸಂಬಳಕ್ಕೆ ಏನೂ ಆಗಲಿಲ್ಲ. ರಿಜಿಸ್ಟರ್ ನನ್ನನ್ನು ಕಾಪಾಡಿತು. ಅವತ್ತಿನಿಂದ ರಿಜಿಸ್ಟರ್ ಬರೆಯುವುದೆಂದರೆ ನನಗೆ ಸಂಕಟ.

ಇಪ್ಪತ್ತು ವರ್ಷ ದಾಟಿದ ಮೇಲೆ, ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ, ನುರಿತ ಹೆರಿಗೆ ಸೇವೆಯ ಮೂರು ವಾರದ ತರಬೇತಿಗೆ ನಮ್ಮನ್ನು ಜಿಲ್ಲಾ ಆಸ್ಪತ್ರೆಗೆ ಹಾಕಿದರು. ಆ ಹೊತ್ತಿಗೆ ನಾನು ಎಲ್.ಎಚ್.ವಿ. ಆಗಿದ್ದೆ, ಕಣ್ಣಿಗೆ ಕನ್ನಡಕ ಬಂದಿತ್ತು. 2005ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ತುರ್ತಿನಲ್ಲಿ ಎ.ಎನ್.ಎಂ. ಕೂಡ ಆಕ್ಸಿಟೋಸಿನ್ ಕೊಡಬಹುದು, ಗರ್ಭನಂಜಿನ ಹೊಡೆತ ಬಂದರೆ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು ಕಳಿಸಬಹುದು. ಎರಡೂ ಪಿರ್ರೆಗೆ ಐದೈದು ಗ್ರಾಂ, ಆಳಕ್ಕೆ. ಕಲಿಸುತ್ತಿದ್ದ ಹುಡುಗಿ, ನನ್ನ ಮಗಳ ವಯಸ್ಸಿನ ಡಾಕ್ಟರು, ಆಂಪೂಲ್ ಕೈಗೆ ಕೊಟ್ಟರು. ಎಷ್ಟು ಹಗುರ ಇತ್ತು ಅಂತೀರಿ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಈ ಔಷಧ ಹೊಸದಲ್ಲ. ಆ ರಾತ್ರಿ ನಾನು ಲಾರಿಯಲ್ಲಿದ್ದಾಗಲೂ ದೊಡ್ಡ ಆಸ್ಪತ್ರೆಗಳ ಬೀರುವಿನಲ್ಲಿ ಇತ್ತು. ಬರದೇ ಇದ್ದದ್ದು ಅಪ್ಪಣೆ. ಸಹಾಯಕಿಯ ಕೈಯಲ್ಲಿ ಸೂಜಿ ಕೊಡಬಹುದು, ತೀರ್ಮಾನ ಕೊಡಬಾರದು ಎಂದು ಯಾರೋ ಎಲ್ಲೋ ಕೂತು ನಂಬಿದ್ದರು. ಆ ನಂಬಿಕೆ ಕರಗಲು ಇಪ್ಪತ್ತು ವರ್ಷ ಹಿಡಿಯಿತು.

ನನ್ನ ಮಟ್ಟಿಗೆ ವೃತ್ತಿಯ ಬೆಳವಣಿಗೆ ಅಂದರೆ ಆ ಆಂಪೂಲ್. ಕರ್ನಾಟಕದ ತಾಯಂದಿರ ಮರಣದ ಪ್ರಮಾಣ 2001–03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ಇತ್ತು; 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ಆಂಬುಲೆನ್ಸು, ರಸ್ತೆ, ರಕ್ತನಿಧಿ, ಪಿ.ಎಚ್.ಸಿ.ಗಳಲ್ಲಿ ಹಗಲು ರಾತ್ರಿ ಪಾಳಿಯ ಮೂವರು ಸ್ಟಾಫ್ ನರ್ಸುಗಳು, ಆಶಾ ಕಾರ್ಯಕರ್ತೆಯರು, ಹೆಣ್ಣುಮಕ್ಕಳ ಓದು, ಎಲ್ಲದರ ಪಾಲೂ ಅದರಲ್ಲಿದೆ. ಅಪ್ಪಣೆಯ ಪಾಲು ಎಷ್ಟು ಎಂದು ಯಾರೂ ಅಳೆದು ಕೊಟ್ಟಿಲ್ಲ.

*

ನಿಮಗೆ ‘ಶುಶ್ರೂಷೆ’ ಎಂಬ ಪದದ ಅರ್ಥ ಗೊತ್ತೇ? ನಮ್ಮ ಊರಿನ ಸಂಸ್ಕೃತ ಪಂಡಿತರೊಬ್ಬರು ಹೇಳಿದ ಮೇಲೆ ನಾನು ನಿಘಂಟು ತೆಗೆದು ನೋಡಿದೆ. ಆ ಪದದ ಮೂಲಾರ್ಥ ಕೇಳುವ ಆಸೆ. ಕಿವಿಯಿಂದ ಕೇಳುವುದು. ಅದರಿಂದ ಮುಂದೆ ಎರಡು ದಾರಿ ಹೊರಟವು: ಹೇಳಿದ್ದನ್ನು ಕೇಳುವುದು, ಅಂದರೆ ವಿಧೇಯತೆ, ನೋವನ್ನು ಕೇಳುವುದು, ಅಂದರೆ ಆರೈಕೆ. ನಮ್ಮ ಇಲಾಖೆ ಬಹಳ ಕಾಲ ಮೊದಲನೆಯ ಅರ್ಥವನ್ನೇ ಹಿಡಿದುಕೊಂಡಿತು.

ಕುಟುಂಬ ಯೋಜನೆಯ ಟಾರ್ಗೆಟ್ಟಿನ ಕಾಲ ಅದಕ್ಕೆ ಸಾಕ್ಷಿ. ತುರ್ತು ಪರಿಸ್ಥಿತಿಯಲ್ಲಿ ಏನೇನಾಯಿತು ಎಂಬುದನ್ನು ನನಗಿಂತ ಹಿರಿಯರು ಹೇಳಬೇಕು. ಆದರೆ ಎಂಬತ್ತರ ದಶಕದಲ್ಲೂ ಫೆಬ್ರವರಿ ಬಂತೆಂದರೆ ನಮಗೆ ಜ್ವರ. ಮಾರ್ಚ್ 31ರೊಳಗೆ ಇಷ್ಟು ಆಪರೇಷನ್ ಕೇಸು, ಇಷ್ಟು ಕಾಪರ್ ಟಿ. ಆಗದಿದ್ದರೆ ಇನ್‌ಕ್ರಿಮೆಂಟ್ ನಿಲ್ಲುತ್ತದೆ ಎಂಬ ಬೆದರಿಕೆ. ಒಂದೇ ಹೆಣ್ಣಿಗಾಗಿ ಎರಡು ಸೆಂಟರಿನ ಸಿಸ್ಟರುಗಳು ಬಸ್ ಸ್ಟ್ಯಾಂಡಿನಲ್ಲಿ ಜಗಳವಾಡಿದ್ದನ್ನು ನೋಡಿದ್ದೇನೆ. ಒಂದು ವರ್ಷ ಕ್ಯಾಂಪಿನ ಬೆಳಿಗ್ಗೆ ನಾನು ಕರೆತಂದ ಹೆಂಗಸಿನ ಕಣ್ಣರೆಪ್ಪೆ ಎಳೆದು ನೋಡಿದೆ. ಸುಣ್ಣದ ಹಾಗೆ ಬಿಳಿ. ರಕ್ತವಿಲ್ಲ, ಈ ಸಲ ಬೇಡ ಎಂದು ವಾಪಸ್ ಕರೆದುಕೊಂಡು ಹೋದೆ. ನನ್ನ ಮೇಲಿನವರು ಎಲ್ಲರೆದುರಿಗೆ, “ನೀನೇನು ಡಾಕ್ಟರಾ?” ಅಂದರು. ಅಲ್ಲ ಸಾರ್, ಅಂದೆ. ಆ ತಿಂಗಳ ಸಂಬಳ ತಡವಾಗಿ ಬಂತು. ಆ ಹೆಂಗಸು ಐರನ್ ಮಾತ್ರೆ ನುಂಗಿ ಮುಂದಿನ ವರ್ಷ ತಾನೇ ಬಂದಳು, ಜೊತೆಗೆ ಇಬ್ಬರು ಓರಗಿತ್ತಿಯರನ್ನೂ ಕರೆತಂದಳು. ಅಧಿಕಾರಿ ಸಂತೋಷಪಟ್ಟರು. ಕಾರಣ ಕೇಳಲಿಲ್ಲ.

1996ರ ಏಪ್ರಿಲ್‌ನಲ್ಲಿ ಟಾರ್ಗೆಟ್ ತೆಗೆದುಹಾಕಿದರು. ಮೇಲಿನಿಂದ ಅಂಕಿ ಬರುವುದಿಲ್ಲ, ಕೆಳಗಿನಿಂದ ನೀವೇ ನಿಮ್ಮ ಜನರ ಅಗತ್ಯ ನೋಡಿ ಯೋಜನೆ ಮಾಡಿ ಎಂದರು. ನನಗೆ ರೆಕ್ಕೆ ಬಂದ ಹಾಗಾಯಿತು. ಮನೆಮನೆ ತಿರುಗಿ, ಯಾರಿಗೆ ಮಗು ಬೇಕು, ಯಾರಿಗೆ ಸಾಕು, ಯಾರಿಗೆ ಮೂರು ವರ್ಷ ಬಿಟ್ಟು ಬೇಕು ಎಂದೆಲ್ಲ ಕೇಳಿ ನಮೂನೆ ತುಂಬಿದೆ. ಒಪ್ಪಿಸಲು ಹೋದಾಗ ಮೇಲಿನವರು ಅದನ್ನು ನೋಡಿ ಪೆನ್ಸಿಲ್ ತೆಗೆದುಕೊಂಡರು. “ಇಷ್ಟೆಲ್ಲ ಯಾಕಮ್ಮ, ಹೋದ ವರ್ಷದ್ದಕ್ಕೆ ನೂರಕ್ಕೆ ಹತ್ತು ಸೇರಿಸಿ ಬರಿ.” ಆ ಪೆನ್ಸಿಲನ್ನು ನಾನು ಮರೆತಿಲ್ಲ. ದೊಡ್ಡ ಬದಲಾವಣೆಯೊಂದು ದಿಲ್ಲಿಯಿಂದ ಹೊರಟು ಎರಡು ಸಾವಿರ ಕಿಲೋಮೀಟರ್ ಕ್ಷೇಮವಾಗಿ ಬಂದು, ಒಂದು ಪೆನ್ಸಿಲ್ ತುದಿಯಲ್ಲಿ ಸತ್ತಿತು. ನೀವು ಮುಂದೆ ಮೇಲಿನವರಾಗುತ್ತೀರಿ. ನಿಮ್ಮ ಕೈಯಲ್ಲೂ ಪೆನ್ಸಿಲ್ ಇರುತ್ತದೆ, ಈಗ ಟ್ಯಾಬ್ ಅನ್ನಿ.

*

ಟ್ಯಾಬ್ ಅಂದ ಮೇಲೆ ಈಗಿನ ಕಾಲಕ್ಕೆ ಬರಲೇಬೇಕು.

2018ರಿಂದ ಸಬ್‌ಸೆಂಟರುಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾದವು. ಈಗ ಆಯುಷ್ಮಾನ್ ಆರೋಗ್ಯ ಮಂದಿರ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿ.ಎಚ್.ಓ. ನಮ್ಮ ರಾಜ್ಯದಲ್ಲಿ ಈ ಹುದ್ದೆಗೆ ಬಂದವರು ಹೆಚ್ಚಾಗಿ ನಿಮ್ಮಂಥವರೇ, ಬಿ.ಎಸ್ಸಿ. ನರ್ಸಿಂಗ್ ಓದಿದವರು. ಎ.ಎನ್.ಎಂ.ಗೂ ಹೆಸರು ಬದಲಾಗಿದೆ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಸಹಾಯಕಿ ಹೋಗಿ ಅಧಿಕಾರಿ ಬಂತು. ಊರಿನವರು ಈಗಲೂ ನರ್ಸಮ್ಮ ಎನ್ನುತ್ತಾರೆ, ಆ ಮಾತು ಬೇರೆ.

ಸೂಕ್ಷ್ಮವಾದ ಒಂದು ವಿಷಯ ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬಾರದು. ಒಂದೇ ಕೋಣೆಯಲ್ಲಿ ಐವತ್ತೈದು ವರ್ಷದ ಎ.ಎನ್.ಎಂ., ಇಪ್ಪತ್ತೈದು ವರ್ಷದ ಸಿ.ಎಚ್.ಓ. ಕುರ್ಚಿ ಒಂದೇ ಚೆನ್ನಾಗಿರುವುದು. ಹಿರಿಯಾಕೆಗೆ ಅವಮಾನ: ‘ನಾನು ಲಸಿಕೆ ಹಾಕಿದ ಕೂಸು ಈಗ ನನಗೆ ಕೆಲಸ ಹೇಳುತ್ತೆ.’ ಕಿರಿಯಳಿಗೆ ಭಯ: ‘ಇವರು ಹೇಳಿದರೆ ಮಾತ್ರ ಊರು ಕೇಳುತ್ತೆ.’ ಒಬ್ಬಳು ಗುತ್ತಿಗೆಯ ಮೇಲೆ, ಇನ್ನೊಬ್ಬಳು ಪರ್ಮನೆಂಟು. ಅದೂ ಒಂದು ಮುಳ್ಳು. ತಪ್ಪು ಯಾರದೂ ಅಲ್ಲ. ಹುದ್ದೆ ಸೃಷ್ಟಿಸಿದವರು ಇಬ್ಬರನ್ನೂ ಒಂದು ಕೋಣೆಗೆ ಹಾಕಿದರು, ಯಾರು ಯಾವುದನ್ನು ತೀರ್ಮಾನಿಸಬೇಕು ಎಂದು ಮನೆಯ ಹಿರಿಯರಂತೆ ಕೂತು ಹೇಳಲಿಲ್ಲ.

ನಿವೃತ್ತಿಯ ಮೇಲೆ ನಾನು ಇಂಥ ಒಂದು ಕೇಂದ್ರಕ್ಕೆ ಆಗಾಗ ಹೋಗಿ ಕೂರುತ್ತಿದ್ದೆ. ಮೂವತ್ತು ದಾಟಿದ ಎಲ್ಲರಿಗೂ ಬಿ.ಪಿ., ಶುಗರ್ ತಪಾಸಣೆ. ಸಿ.ಎಚ್.ಓ. ಹುಡುಗಿ ಚುರುಕು, ಯಂತ್ರ, ಆ್ಯಪ್, ಇ-ಸಂಜೀವಿನಿಯಲ್ಲಿ ಡಾಕ್ಟರ ಜೊತೆ ಮಾತು, ಎಲ್ಲ ಬಲ್ಲವಳು. ಒಬ್ಬ ಅಜ್ಜನಿಗೆ ಮೂರು ತಿಂಗಳಿಂದ ಮಾತ್ರೆ ಕೊಡುತ್ತಿದ್ದಳು, ಬಿ.ಪಿ. ಇಳಿಯುತ್ತಿರಲಿಲ್ಲ. ಡೋಸ್ ಹೆಚ್ಚಿಸಲು ಮೇಲಕ್ಕೆ ಬರೆಯಲು ಹೊರಟಿದ್ದಳು. ಎ.ಎನ್.ಎಂ. ಬಾಗಿಲಲ್ಲೇ ನಿಂತು, “ಯಜಮಾನ್ರೇ, ಮಾತ್ರೆ ನೀವು ನುಂಗ್ತೀರೋ, ಅಜ್ಜಿ ನುಂಗ್ತದೋ?” ಅಂದಳು. ಅಜ್ಜ ಬಾಯಿ ಬಿಡಲಿಲ್ಲ. ಆಮೇಲೆ ಗೊತ್ತಾದದ್ದು: ಹೆಂಡತಿಗೂ ಬಿ.ಪಿ. ಇದೆ, ಆಕೆ ಕೇಂದ್ರಕ್ಕೆ ಬರಲು ಒಲ್ಲಳು. ಇಬ್ಬರೂ ದಿನ ಬಿಟ್ಟು ದಿನ ಹಂಚಿಕೊಂಡು ನುಂಗುತ್ತಿದ್ದರು. ಸಂಜೆ ನರ್ಸುಗಳಿಬ್ಬರೂ ಆ ಮನೆಗೆ ಹೋದರು, ಕಿರಿಯಳು ಯಂತ್ರ ಹಿಡಿದು, ಹಿರಿಯಳು ಬರಿಗೈಯಲ್ಲಿ. ಅಜ್ಜಿಗೆ ಹೊಸ ಕಾರ್ಡಾಯಿತು. ಮರುದಿನದಿಂದ ಆ ಹುಡುಗಿ ‘ಸಿಸ್ಟರ್’ ಅನ್ನುವುದು ಬಿಟ್ಟು ‘ಅಕ್ಕ’ ಅನ್ನತೊಡಗಿದಳು; ಎ.ಎನ್.ಎಂ. ಅವಳಿಂದ ಪೋರ್ಟಲ್ ತುಂಬುವುದನ್ನು ಕಲಿತಳು. ಆ ದಿನ ಆ ಕೇಂದ್ರದಲ್ಲಿ ನಾಯಕಿ ಯಾರು ಅಂತ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದರೆ ನೀವು ಏನು ಬರೆಯುತ್ತೀರೋ ಗೊತ್ತಿಲ್ಲ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆ ಶೇ. 65, 2019–21ರಲ್ಲಿ ಶೇ. 97. ನಾವೇ ಬೇಡಿಕೊಂಡು ತಂದ ಒಳ್ಳೆಯದು ಇದು. ಇದರ ಜೊತೆಗೆ ಎ.ಎನ್.ಎಂ.ಗಳ ಕೈಯಿಂದ ಹೆರಿಗೆ ಹೋಯಿತು. ಹೆಸರಿನಲ್ಲಿ ಸೂಲಗಿತ್ತಿ ಉಳಿದಳು, ಕೈ ಮರೆಯಿತು. ಸಿಸೇರಿಯನ್ ಹೆಚ್ಚಿದ ಮೇಲೆ ಈಗ ಮತ್ತೆ ಸೂಲಗಿತ್ತಿಯ ನೆನಪಾಗಿದೆ: 2018ರ ಮಾರ್ಗಸೂಚಿಯಂತೆ ಹದಿನೆಂಟು ತಿಂಗಳ ತರಬೇತಿ ಪಡೆದ ನರ್ಸ್ ಪ್ರಾಕ್ಟೀಷನರ್ ಮಿಡ್‌ವೈಫ್‌ಗಳು ಬರುತ್ತಿದ್ದಾರೆ. ಹೆರಿಗೆಯಲ್ಲಿ ಮಲಗಿಸದೆ ಕೂರಿಸಬಹುದು, ಓಡಾಡಿಸಬಹುದು, ಬೆನ್ನು ನೀವಬಹುದು ಎಂದು ಅವರಿಗೆ ಕಲಿಸುತ್ತಾರಂತೆ. ನಮ್ಮ ಅಜ್ಜಿ ಇದ್ದಿದ್ದರೆ ಎಲೆಯಡಿಕೆ ಉಗಿಯುತ್ತಿದ್ದಳು.

ಕಾನೂನೂ ಬದಲಾಗಿದೆ. 1947ರ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಜಾಗದಲ್ಲಿ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಇದಕ್ಕೂ ಮೊದಲು 1987ರಲ್ಲಿ ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ಕೂತಿತ್ತು, ನರ್ಸುಗಳ ಸ್ಥಿತಿಗತಿ ನೋಡಿತ್ತು. ಹೊಸ ಕಾಯ್ದೆ ಕೆಟ್ಟದ್ದಲ್ಲ. ಆದರೆ ಊರಿನ ನರ್ಸು ಎರಡು ಮೂರು ಮೆಟ್ಟಿಲು ಹತ್ತಿದ ಮೇಲೆ ಮುಂದೆ ಮೆಟ್ಟಿಲೇ ಇಲ್ಲದ ಮನೆಯಲ್ಲಿ ನಲವತ್ತು ವರ್ಷ ಇದ್ದವಳು ನಾನು. ಮಹಡಿ ಕಟ್ಟುವುದು ನಿಮ್ಮ ಪೀಳಿಗೆಗೆ ಉಳಿದಿದೆ. ಅದಕ್ಕಾಗಿ ಜಗಳವಾಡಬೇಕಾಗುತ್ತದೆ, ಸಭ್ಯವಾಗಿ ಆಡಿ, ಆದರೆ ಆಡಿ. ಒಂದು ಬೇಡಿಕೆ ಪ್ರಾಂಶುಪಾಲರಿಗೂ ಇದೆ. ಸಮುದಾಯ ಆರೋಗ್ಯದ ಪೋಸ್ಟಿಂಗ್ ಎಂದರೆ ಮಕ್ಕಳು ಕಾಲೇಜು ಬಸ್ಸಿನಲ್ಲಿ ಬಂದು, ಚಾರ್ಟ್ ಹಿಡಿದು, ಫೋಟೋ ತೆಗೆಸಿಕೊಂಡು, ಊಟದ ಹೊತ್ತಿಗೆ ಹೋಗುವುದನ್ನು ನಾನು ಬಹಳ ಕಾಲೇಜುಗಳಲ್ಲಿ ನೋಡಿದ್ದೇನೆ. ಒಂದು ವಾರ ಊರಿನಲ್ಲಿ ಉಳಿಸಿ. ರಾತ್ರಿ ಬಾಗಿಲು ಬಡಿಯುವ ಸದ್ದು ಹಗಲಿನ ಪೋಸ್ಟಿಂಗಿನಲ್ಲಿ ಕೇಳಿಸುವುದಿಲ್ಲ.

*

ಈಗ ಹೆಸರಿನ ವಿಷಯ.

ಹೋದ ತಿಂಗಳು ಮೇಷ್ಟ್ರ ಊರಿಗೆ ಹೋದೆ. ಹಳೆಯ ಕಾಗದಪತ್ರ ಉಳಿದಿದ್ದ ಕಡೆ ಗುಮಾಸ್ತರನ್ನು ಕಾಡಿ ಬೇಡಿ ಗೆದ್ದಲು ಹಿಡಿದ ಜನನ ರಿಜಿಸ್ಟರ್ ತೆಗೆಸಿದೆ. ಮೇಷ್ಟ್ರ ಎರಡನೆಯ ತಂಗಿಯ ಜನನ ಸಿಕ್ಕಿತು. ತಂದೆಯ ಹೆಸರು ದುಂಡಗೆ ಬರೆದಿತ್ತು, ತಾಯಿಯ ಹೆಸರೂ ಇತ್ತು. ಹೆರಿಗೆ ಮಾಡಿಸಿದವರು ಎಂಬ ಕಡೆ ‘ಎ.ಎನ್.ಎಂ.’ ಎಂದು ಮೂರಕ್ಷರ. ಹಿಂದಿನ ಪುಟ ತಿರುವಿದೆ, ಮುಂದಿನ ಪುಟ ತಿರುವಿದೆ. ಅದೇ ಮೂರಕ್ಷರ, ಅದೇ ಕೈಬರಹ. ಬರೆದವಳು ಆಕೆಯೇ ಇರಬೇಕು. ತನ್ನ ಹೆಸರು ಬರೆಯಬಹುದು ಎಂದು ಆಕೆಗೂ ಹೊಳೆದಂತಿಲ್ಲ. ನನ್ನ ಹಳೆಯ ರಿಜಿಸ್ಟರುಗಳಲ್ಲಿ ನಾನು ಏನು ಬರೆದಿದ್ದೆ ಎಂದು ನೆನಪು ಮಾಡಿಕೊಂಡೆ. ನಾನೂ ಅದನ್ನೇ ಬರೆದಿದ್ದೆ.

ಊರಿನ ಕೊನೆಯ ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ, ಅವರಿಗೆ ಗೊತ್ತಿರಬಹುದು ಎಂದರು. ಹೋದೆ. ಅಜ್ಜಿಗೆ ಕಿವಿ ಮಂದ. ಕಿವಿಯ ಹತ್ತಿರ ಬಾಗಿ, “ಆಗ ನಿಮ್ಮೂರಲ್ಲಿ ಇದ್ದ ನರ್ಸಮ್ಮನ ಹೆಸರೇನಜ್ಜಿ?” ಎಂದು ಕೂಗಿದೆ. ಅಜ್ಜಿ ನನ್ನ ಮುಖ ನೋಡಿದಳು. “ನರ್ಸಮ್ಮ ಅಂತ್ಲೇ ಕಣವ್ವ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, ನೀನ್ಯಾರು ಅಂದಳು. ನಾನೂ ನರ್ಸೇ ಕಣಜ್ಜಿ ಅಂದೆ. ಅಷ್ಟು ಕೇಳಿದ್ದೇ ಸೆರಗು ಸರಿಸಿ ತೋಳು ಚಾಚಿದಳು. “ಹಂಗಾರೆ ಒಂದ್ಸಲ ಪ್ರೆಶರ್ ನೋಡ್ಬುಡು, ನಾಕು ದಿನದಿಂದ ತಲೆ ತಿರುಗ್ತದೆ.”

ನನ್ನ ಹತ್ತಿರ ಯಂತ್ರವಿರಲಿಲ್ಲ. ಜೊತೆಗಿದ್ದ ಮೇಷ್ಟ್ರನ್ನು ಕೇಂದ್ರಕ್ಕೆ ಓಡಿಸಿದೆ. ಅವರು ಬರುವವರೆಗೆ ಅಜ್ಜಿಯ ಕೈ ಹಿಡಿದುಕೊಂಡು ನಾಡಿ ಎಣಿಸುತ್ತಾ ಕೂತೆ. ಸಿ.ಎಚ್.ಓ. ಹುಡುಗಿ ಸ್ಕೂಟಿಯಲ್ಲಿ ಬಂದಳು, ಬಿ.ಪಿ. ನೋಡಿದಳು, ಟ್ಯಾಬ್ ತೆಗೆದು ಅಜ್ಜಿಯ ಹೆಸರು ಬರೆದುಕೊಂಡಳು. ನಾನು ಅವಳ ಹೆಸರು ಕೇಳಿ ನನ್ನ ಡೈರಿಯಲ್ಲಿ ಬರೆದುಕೊಂಡೆ.